ಹದ್ದಿನ ಗವಿಗೆ ಇಳಿದು ಬಂದವನು

ಗೋಕಾಕದ ಗಾದಿ ವ್ಯಾಪಾರಿ ಬಾಬಾಲಾಲ ನದಾಫನಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದ. ಸ್ವಂತ ಮನೆ ಇತ್ತು, ಮನೆಯ ಮುಂಭಾಗದಲ್ಲೇ ಅಂಗಡಿ ಇತ್ತು, ಅಂಗಡಿಯಲ್ಲಿ ಹತ್ತಿ ಹಿಂಜುವ ಯಂತ್ರ ಇತ್ತು. ಮಗಳು ಸಮ್ರೀನ ಮದುವೆಯಾಗಿ ಬೆಳಗಾವಿಯಲ್ಲಿ ಸುಖವಾಗಿದ್ದಳು. ಸಕ್ಕರೆ ಕಾಯಿಲೆಯನ್ನೂ ದೇವರು ಮರೆಯದೆ ಕೊಟ್ಟಿದ್ದ, ಸಾಲದ್ದಕ್ಕೆ ಕರದಂಟಿನ ಅಂಗಡಿಯನ್ನು ಎದುರಿಗೇ ಇಟ್ಟಿದ್ದ. ಇಷ್ಟೆಲ್ಲ ಕೊಟ್ಟವನು ಒಂದನ್ನು ಮಾತ್ರ ತನ್ನ ಹತ್ತಿರವೇ ಉಳಿಸಿಕೊಂಡಿದ್ದ. ಬಾಬಾಲಾಲನ ಹೆಂಡತಿ ಸಾಯಿರಾಬಿ ಮದುವೆಯಾದ ದಿನದಿಂದ ಇವತ್ತಿನವರೆಗೆ ಒಂದೇ ಒಂದು ಸಲ, ಬಾಯಿ ತಪ್ಪಿಯಾದರೂ, "ನೀವು ಹೇಳಿದ್ದ ಖರೆ ಐತ್ರಿ" ಅಂದವಳಲ್ಲ.

ತಪ್ಪು ಪೂರ್ತಿ ಅವಳದೇ ಅನ್ನುವಂತಿಲ್ಲ. ಬಾಬಾಲಾಲನ ಮಾತಿಗೂ ಲೋಕದ ನಡೆಗೂ ಮೊದಲಿನಿಂದಲೂ ಎಣ್ಣೆ-ಸೀಗೆಕಾಯಿ ಸಂಬಂಧ. ಅವನು "ಇವತ್ತ ಮಳಿ ಗ್ಯಾರಂಟಿ" ಅಂದರೆ ಸಾಯಿರಾಬಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣ ಹಾಕುತ್ತಿದ್ದಳು. ಮೆಣಸಿನಕಾಯಿ ಗರಿಗರಿಯಾಗಿ ಒಣಗುತ್ತಿತ್ತು. ಒಮ್ಮೆ ಹುಕ್ಕೇರಿಗೆ ಹೊರಟ ಬೀಗರನ್ನು "ಇದ ಬಸ್ಸು, ಕಣ್ಣ ಮುಚ್ಚಿ ಹತ್ತರಿ" ಎಂದು ಸವದತ್ತಿ ಬಸ್ಸಿಗೆ ಹತ್ತಿಸಿ ಕಳಿಸಿದ್ದ. (ಅವರು ನಿಜವಾಗಿಯೂ ಕಣ್ಣು ಮುಚ್ಚಿದ್ದರಿಂದ ಸವದತ್ತಿಯಲ್ಲೇ ತೆರೆದರು.) ಇಂಥ ಇತಿಹಾಸವುಳ್ಳ ಗಂಡನ ಮಾತನ್ನು ನಂಬದಿರುವುದು ಸಾಯಿರಾಬಿಗೆ ಸಂಸಾರದ ಮುಂಜಾಗ್ರತೆಯ ಕ್ರಮವಾಗಿತ್ತು.

ಹೀಗಿರುವಾಗ ಅಳಿಯ ತೌಫೀಕ ಹಬ್ಬಕ್ಕೆ ಮಾವನಿಗೊಂದು ದೊಡ್ಡ ಮೊಬೈಲು ಕೊಡಿಸಿದ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಾಬಾಲಾಲ ಗಾದಿಯ ಮೇಲೆ ಒರಗಿ ಅದನ್ನು ಒತ್ತುತ್ತ ಹೋದ. ಒಂದು ಮಧ್ಯಾಹ್ನ ಅದರಲ್ಲಿ ಒಂದು ವೀಡಿಯೋ ತಾನಾಗಿ ತೆರೆದುಕೊಂಡಿತು: 'ಗುಹೆಯ ಗೋಡೆಯ ಮೇಲಿರುವ ಈ ವಿಚಿತ್ರ ಜೀವಿ ಯಾರು? ಬೆಚ್ಚಿಬಿದ್ದ ವಿಜ್ಞಾನಿಗಳು!' (ಈ ವೀಡಿಯೋಗಳಲ್ಲಿ ವಿಜ್ಞಾನಿಗಳು ಬೆಚ್ಚಿಬೀಳುವುದು ಬಿಟ್ಟರೆ ಬೇರೆ ಕೆಲಸ ಮಾಡುವುದು ಕಾಣುವುದಿಲ್ಲ. ಪಗಾರ ಅದಕ್ಕೇ ಕೊಡುತ್ತಾರೋ ಏನೋ.) ಬಾಬಾಲಾಲನೂ ಬೆಚ್ಚಿಬಿದ್ದ. ಎಲ್ಲೆಲ್ಲಿಯ ದೇಶಗಳಲ್ಲೋ ಆದಿಮಾನವರು ಕಲ್ಲಿನ ಮೇಲೆ ಬರೆದ ಚಿತ್ರಗಳು, ಅವುಗಳಲ್ಲಿ ದುಂಡು ತಲೆಯ, ದೊಡ್ಡ ಕಣ್ಣಿನ ಆಕೃತಿಗಳು. ಇವರು ಮನುಷ್ಯರಲ್ಲ, ಬೇರೆ ಗ್ರಹದಿಂದ ಇಳಿದು ಬಂದವರು ಎಂದು ವೀಡಿಯೋದ ದನಿ ಪಿಸುಗುಟ್ಟಿತು. ಬಾಬಾಲಾಲ ಆ ದಿನ ಎರಡು ತಲೆದಿಂಬಿಗೆ ಹತ್ತಿ ತುಂಬುವುದನ್ನೇ ಮರೆತು ಬರೀ ಗಲೀಫು ಹೊಲಿದು ಕೊಟ್ಟು ಕಳಿಸಿದ.

ಊಟಕ್ಕೆ ಕುಳಿತಾಗ ವಿಷಯ ತೆಗೆದ.

"ಸಾಯಿರಾ, ಹತ್ತಸಾವಿರ ವರ್ಷದ ಹಿಂದ ಮ್ಯಾಲಿಂದ ಮಂದಿ ಇಳದ ಬಂದಿದ್ರಂತ."

"ಮ್ಯಾಲಿಂದಂದ್ರ? ಮ್ಯಾಲಿನ ಓಣಿಯಿಂದನ?"

"ಆಕಾಶದಿಂದ! ಬ್ಯಾರೆ ಗ್ರಹದಿಂದ!"

"ಯಾಕ ಬಂದಿದ್ರಂತ?"

ಇದನ್ನು ವೀಡಿಯೋದಲ್ಲಿ ಹೇಳಿರಲಿಲ್ಲ. ಬಾಬಾಲಾಲ ತುತ್ತು ನುಂಗುವವರೆಗೆ ಯೋಚಿಸಿ, "ನೋಡಾಕ" ಅಂದ.

"ನೋಡಿ?"

"ಹೊಳ್ಳಿ ಹೋದ್ರಂತ."

ಸಾಯಿರಾಬಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಅಷ್ಟ ದೂರದಿಂದ ಬಂದವರು ಉಣ್ಣದ ಹೊಳ್ಳಿ ಹೋಗ್ಯಾರಂದ್ರ, ಇಲ್ಲಿ ಮಂದಿ ಅವರನ್ನ ಒಂದು ಮಾತೂ ಕರದಿಲ್ಲ ಕಾಣಸ್ತೈತಿ. ನೀವು ಉಣ್ರಿ, ರೊಟ್ಟಿ ಆರಾಕತ್ತೇತಿ."

ಮಾತು ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಅದೇ ತಿಂಗಳು ಸಾಯಿರಾಬಿಯ ತಮ್ಮನ ಮಗಳ ಮದುವೆ ಬಂತು. ಸಾಯಿರಾಬಿಯ ತವರು ಹುಕ್ಕೇರಿ ತಾಲೂಕಿನ ದಡ್ಡಿ. ಮದುಮಗಳಿಗೆ ಉಡುಗೊರೆಯಾಗಿ ಜೋಡಿ ಗಾದಿಯನ್ನು ಟೆಂಪೋದಲ್ಲಿ ಹೇರಿಕೊಂಡು ಬಾಬಾಲಾಲ ಹೆಂಡತಿಯೊಂದಿಗೆ ಹೋದ. ನಿಕಾಹ ಮುಗಿದು ಬಿರಿಯಾನಿ ಮೂರನೆಯ ಸಲ ಬಡಿಸಿಕೊಂಡಾದ ಮೇಲೆ, ಹೊಟ್ಟೆಯನ್ನು ಸ್ವಲ್ಪ ತಿರುಗಾಡಿಸಿ ಬರೋಣವೆಂದು ಒಬ್ಬನೇ ಊರ ಹಿಂದಿನ ಗುಡ್ಡ ಹತ್ತಿದ. ಮೇಲೆ ಒಂದು ದೊಡ್ಡ ಬಂಡೆ ಛಪ್ಪರದ ಹಾಗೆ ಮುಂದಕ್ಕೆ ಚಾಚಿ ನಿಂತಿತ್ತು. ಊರವರು ಅದನ್ನು ಹದ್ದಿನ ಗವಿ ಅನ್ನುತ್ತಿದ್ದರು. ನೆರಳಿದೆ ಎಂದು ಒಳಗೆ ಹೋಗಿ ಗೋಡೆಗೆ ಬೆನ್ನು ಕೊಡಬೇಕು, ಅಷ್ಟರಲ್ಲಿ ಗೋಡೆಯೇ ಇವನನ್ನು ನೋಡಿದಂತಾಯಿತು.

ಎತ್ತುಗಳು. ಬಿಳಿಯ ಬಣ್ಣದಲ್ಲಿ, ಮಾಸಿದ ಕೆಂಪಿನಲ್ಲಿ, ಎತ್ತರದ ಹಿಣಿಲಿನ, ಉದ್ದ ಕೋಡಿನ ಎತ್ತುಗಳು ಒಂದರ ಹಿಂದೊಂದು ಹೊರಟಿದ್ದವು. ನಡುವೆ ಒಂದು ಜಿಂಕೆ ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಿತ್ತು. ಕೆಳಗೆ ಸಣ್ಣ ಸಣ್ಣ ಮನುಷ್ಯರು ಕೈ ಕೈ ಹಿಡಿದು ಸಾಲಾಗಿ ನಿಂತಿದ್ದರು. ಬಾಬಾಲಾಲ ಸುಮ್ಮನೆ ನಿಂತುಬಿಟ್ಟ. ಬರೆದವರು ಈಗಷ್ಟೇ ಕೈ ತೊಳೆದುಕೊಳ್ಳಲು ಹೊಳೆಗೆ ಹೋಗಿದ್ದಾರೆ, ಇನ್ನೇನು ಬರುತ್ತಾರೆ ಅನ್ನಿಸಿ ಅವನಿಗೆ ನಿಜಕ್ಕೂ ಮೈ ಜುಂ ಅಂದಿತು.

ಆಮೇಲೆ ಮೂಲೆಯತ್ತ ಕಣ್ಣು ಹೋಯಿತು. ಅಲ್ಲಿ, ಉಳಿದೆಲ್ಲ ಚಿತ್ರಗಳಿಂದ ದೂರ, ಒಂಟಿಯಾಗಿ, ಅದು ನಿಂತಿತ್ತು.

ಕುಂಬಳಕಾಯಿಯಂಥ ತಲೆ. ತಲೆಯಲ್ಲಿ ಎರಡು ದುಂಡು ಕಣ್ಣು. ಮೂಗಿಲ್ಲ, ಬಾಯಿಲ್ಲ, ಕಿವಿಯಿಲ್ಲ. ಕಡ್ಡಿಯಂಥ ಕಾಲುಗಳು. ಒಂದು ಕೈಯಲ್ಲಿ ತನಗಿಂತ ಉದ್ದದ, ತಂತಿ ಬಿಗಿದ ಒಂದು ಯಂತ್ರ. ಇನ್ನೊಂದು ಕೈಯಲ್ಲಿ ಎರಡೂ ತುದಿ ಉಬ್ಬಿದ ಗುಂಡಿನಂಥದ್ದು. ಸುತ್ತ ಆಕಾಶದ ತುಂಬ ಚುಕ್ಕಿಗಳು. ಕಾಲ ಬುಡದಲ್ಲಿ ಮೋಡವೋ ಹೊಗೆಯೋ ರಾಶಿಯಾಗಿ ಎದ್ದಿತ್ತು. ಬಾಬಾಲಾಲ ಅಲ್ಲೇ ಕುಕ್ಕರಿಸಿದ, ಅರ್ಧ ಭಯಕ್ಕೆ, ಅರ್ಧ ಬಿರಿಯಾನಿಗೆ. ಕುಳಿತಲ್ಲಿಂದಲೇ ಫೋಟೋ ಹೊಡೆದುಕೊಂಡು ಗುಡ್ಡ ಇಳಿದು ಓಡಿದ.

ಸಾಯಿರಾಬಿ ಮದುವೆ ಮನೆಯ ಹಿತ್ತಿಲಲ್ಲಿ ಬಿರಿಯಾನಿ ಬೇಯಿಸಿದ ದೊಡ್ಡ ಡೇಗೆಗಳ ನಡುವೆ ಇದ್ದಳು. ಮೊಬೈಲನ್ನು ಮುಖಕ್ಕೆ ಹಿಡಿದ.

"ಬಾಜೂ ಸರೀರಿ, ಚಸ್ಮಾ ಇಲ್ಲ ನನ್ನ ಕಡೆ. ಏನದು?"

"ಹದ್ದಿನ ಗವ್ಯಾಗ ಐತಿ! ಬ್ಯಾರೆ ಗ್ರಹದ ಮನಷ್ಯಾ!"

"ಹದ್ದಿನ ಗವ್ಯಾಗ ದನದ ಚಿತ್ರ ಅದಾವ. ಸಣ್ಣಕ್ಕಿದ್ದಾಗ ನಾವು ಅಲ್ಲೇ ಆಡು ಹೊಡಕೊಂಡ ಹೋಗ್ತಿದ್ವಿ. ನಮ್ಮ ಮುತ್ಯಾನ ಮುತ್ಯಾನ ಕಾಲಕ್ಕೂ ಇದ್ದುವಂತ."

"ದನ ಅಲ್ಲ ಮಾರಾಯ್ತಿ, ಮೂಲ್ಯಾಗಿಂದು!"

"ಇಲ್ಲಿ ಡೇಗಿ ತಿಕ್ಕೂದು ಬಿದ್ದೇತಿ, ನಾ ಮೂಲಿ ನೋಡ್ಕೋತ ನಿಂದರ್ಲೆನ? ಕೈ ಖಾಲಿ ಐತೇನ ನಿಮ್ಮದು? ಹಂಗಾದ್ರ ಆ ನೀರಿನ ಕೊಡಾ ಇತ್ತಾಗ ತರ್ರಿ."

ಜಗತ್ತಿನ ಇತಿಹಾಸವನ್ನು ಬದಲಿಸಬೇಕಾದ ಮನುಷ್ಯ ಕೊಡ ಹೊತ್ತು ತಂದ.

ಗೋಕಾಕಕ್ಕೆ ಮರಳಿದ ಮೇಲೆ ಗಾದಿ ಅಂಗಡಿ ಅಂತರಿಕ್ಷ ಸಂಶೋಧನಾ ಕೇಂದ್ರವಾಯಿತು. ಬಂದವರಿಗೆಲ್ಲ ಫೋಟೋ ತೋರಿಸಿ ವ್ಯಾಖ್ಯಾನ. ಸಾಯಿರಾಬಿ ಮಾತ್ರ ಅದರತ್ತ ತಿರುಗಿಯೂ ನೋಡಲಿಲ್ಲ. ಅತಿ ಹೆಚ್ಚು ಕೇಳಿದವನು ತುಕ್ಕಾನಟ್ಟಿಯ ಹೊಳೆಪ್ಪ. ಕಬ್ಬಿನ ಹೊಲ ಇದ್ದ ಹೊಳೆಪ್ಪ ಹಳೆಯ ಗೆಳೆಯ. ಸಂತೆಯ ದಿನ ಗೋಕಾಕಕ್ಕೆ ಬಂದರೆ ಹೊಸ ಗಾದಿಯ ಮೇಲೆ ಕುಳಿತು ಚಹಾ ಕುಡಿಯದೆ ಹೋಗುವವನಲ್ಲ.

"ತಲಿ ನೋಡ ಹೊಳೆಪ್ಪ. ಇಷ್ಟ ದೊಡ್ಡ ತಲ್ಯಾಗ ಬುದ್ಧಿ ಎಷ್ಟಿರಬೇಕು!"

"ಬಾಯೆ ಇಲ್ಲಲ್ಲೊ?"

"ಬಾಯಿ ಯಾಕಬೇಕು? ಅವರು ಮಾತಾಡೂದಿಲ್ಲ. ಒಬ್ಬರ ಮನಸಿಂದು ಒಬ್ಬರಿಗೆ ತಾನ ತಿಳೀತೈತಿ."

ಹೊಳೆಪ್ಪ ಅಡುಗೆಮನೆಯ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಆ ಗ್ರಹ ಎಲ್ಲೈತೊ?" ಎಂದು ಆಸೆಯಿಂದ ಕೇಳಿದ.

"ಕಾಲು ನೋಡು. ಇಂಥಾ ಕಾಲು ಮನಷ್ಯಾಗ ಇರಾಕ ಸಾಧ್ಯ ಇಲ್ಲ. ಕೈಯಾಗಿಂದು ಆಕಾಶಕ್ಕ ಸುದ್ದಿ ಕಳಸೂ ಯಂತ್ರ. ತಂತಿ ಬಿಗದಾರ ನೋಡು. ಈ ಗುಂಡಿನಂಥಾದ್ದು ಬಾಂಬ್. ಸುತ್ತ ಚುಕ್ಕಿ ಅದಾವಲ್ಲ, ಅವು ನಕ್ಷತ್ರ. ಕೆಳಗ ಹೊಗಿ. ಹೊಗಿ ಯಾಕ ಬಂತು? ರಾಕೆಟ್ಟಿಂದು!"

ಹೀಗೆ ಹೇಳುವಾಗ ಅವನ ಮೀಸೆಯ ಮೇಲೊಂದು ಹತ್ತಿಯ ಎಳೆ ಕೂತು ಮಾತಿಗೆ ತಕ್ಕಂತೆ ಕುಣಿಯುತ್ತಿತ್ತು. ಯಂತ್ರ ಬರುವ ಮೊದಲು, ಹರೆಯದಲ್ಲಿ, ಅಪ್ಪನ ಬೆನ್ನಿಗೆ ಊರೂರು ತಿರುಗಿ ಕೈಯಿಂದಲೇ ಹತ್ತಿ ಹಿಂಜಿದವನು ಅವನು. ಮೈಗೆ ಹತ್ತಿದ ಹತ್ತಿ ಅವನಿಗೆ ಕಾಣುವುದು ನಿಂತು ಎಷ್ಟೋ ಕಾಲವಾಗಿತ್ತು.

"ಬಾಬಾ, ನಮ್ಮ ನಂದಿನಿಗೆ ತೋರ್ಸೂಣೇನೊ?" ಎಂದ ಹೊಳೆಪ್ಪ ಒಂದು ದಿನ. ನಂದಿನಿ ಅವನ ಮಗಳು. ಧಾರವಾಡದಲ್ಲಿ ಪುರಾತತ್ವ ಓದಿ ಅದರಲ್ಲೇ ಸಂಶೋಧನೆ ಮಾಡುತ್ತಿದ್ದಳು. "ಆಕಿ ಹಿಂಥಾ ಕಲ್ಲು ಕಂಡ್ರ ಅನ್ನಾ ನೀರು ಬಿಡ್ತಾಳ."

ಬಾಬಾಲಾಲನ ತಲೆಯಲ್ಲಿ ದೀಪ ಹತ್ತಿತು. ಓದಿದ ಹುಡುಗಿಯೇ ಬಂದು ಒಪ್ಪಿಬಿಟ್ಟರೆ? ಅವನು ನೇರವಾಗಿ ಅಡುಗೆಮನೆಗೆ ನಡೆದ, ಸಾಕ್ಷಿಗೆ ಹೊಳೆಪ್ಪನನ್ನೂ ಕರೆದುಕೊಂಡು.

"ಸಾಯಿರಾ, ನಂದಿನಿ ಬಂದು ನೋಡಿ, ಇದು ಬ್ಯಾರೆ ಗ್ರಹದ್ದ ಅಂದ್ರ?"

"ಅಂದ್ರ ಅನ್ಲಿ."

"ಆಕಿ ಅಲ್ಲ. ನೀ ಅನ್ನಬೇಕು. ಹತ್ತ ಮಂದಿ ಮುಂದ. 'ನೀವು ಹೇಳಿದ್ದ ಖರೆ ಐತ್ರಿ' ಅಂತ."

ನಗುವ ಮಾತಲ್ಲ ಇದು. ಒಂದು ಆಯುಷ್ಯದ ಹಸಿವು. ಸಾಯಿರಾಬಿಯ ಕೈ ರೊಟ್ಟಿ ಬಡಿಯುವುದನ್ನು ನಿಲ್ಲಿಸಿತು. ಅವಳು ಗಂಡನ ಮುಖವನ್ನು ಒಮ್ಮೆ ನೋಡಿದಳು.

"ಆತು. ಅಂತೇನಿ. ಸುಳ್ಳಾದ್ರ?"

"ಸುಳ್ಳಾದ್ರ…" ಬಾಬಾಲಾಲ ಸುತ್ತ ನೋಡಿದ. ಅವಳ ಹತ್ತಿರ ಇಲ್ಲದ್ದು ಮನೆಯಲ್ಲಿ ಒಂದೇ ಇತ್ತು, ಅದು ಅವನ ಕೈಯಲ್ಲೇ ಇತ್ತು. "ಸುಳ್ಳಾದ್ರ ಈ ಮೊಬೈಲ್ ನಿನಗ. ಕಾಯಂ."

"ಹೊಳೆಪ್ಪಣ್ಣಾರ, ನೀವ ಸಾಕ್ಷಿ ನೋಡ್ರಿ" ಎಂದು ಸಾಯಿರಾಬಿ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಸುದ್ದಿ ಅಂಗಡಿಯಿಂದ ಅಂಗಡಿಗೆ ಹಾರಿ ಮೂಡಲಗಿಯ ಸುನೀಲನ ಕಿವಿ ಮುಟ್ಟಿತು. ಸುನೀಲ ಮೊಬೈಲಿನಲ್ಲೇ ಊರೂರ ಸುದ್ದಿ ತೋರಿಸುವ ಹುಡುಗ. ಎಲ್ಲಿ ಎರಡು ಬಾಲದ ಕರು ಹುಟ್ಟಿದರೂ ಆಕಳಿಗಿಂತ ಮೊದಲು ಅಲ್ಲಿ ಅವನಿರುತ್ತಿದ್ದ. "ಚಾಚಾ, ಗವ್ಯಾಗಿಂದನ ಲೈವ್ ಹಾಕೂಣ್ರಿ. ಹತ್ತ ಮಂದಿ ಏನ್ರಿ, ಇಡೀ ಜಿಲ್ಲಾ ನೋಡ್ತೈತಿ" ಅಂದ. ಇಡೀ ಜಿಲ್ಲೆಯ ಮುಂದೆ ಸಾಯಿರಾಬಿ! ಬಾಬಾಲಾಲ ಕೂದಲಿಗೆ ಬಣ್ಣ ಹಚ್ಚಿಸಿಕೊಂಡ, ಮದುವೆಗೆ ಹೊಲಿಸಿದ ಅಂಗಿಗೆ ಇಸ್ತ್ರಿ ಮಾಡಿಸಿದ.

ರವಿವಾರ ಗಾದಿ ಸಾಗಿಸುವ ಟೆಂಪೋ ಹೊರಟಿತು. ಹಿಂದೆ ಹಾಸಿದ ಗಾದಿಯ ಮೇಲೆ ಸಾಯಿರಾಬಿ, ಹೊಳೆಪ್ಪ, ನಂದಿನಿ, ಸುನೀಲ. ನಡುವೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಯ ಗಂಟು. ಬಾಬಾಲಾಲ ಮುಂದಿನ ಸೀಟಿನಲ್ಲಿ ಕುಳಿತರೂ ದಾರಿಯುದ್ದಕ್ಕೂ ಹಿಂದಿನ ಕಿಂಡಿಯಿಂದ ಮುಖ ತೂರಿಸಿ ನಂದಿನಿಗೆ ಪಾಠ ಹೇಳುತ್ತಿದ್ದ. ಅವಳು ನಗುತ್ತ ಕೇಳಿದಳು, ಕೇಳಿ ಅಂದಳು:

"ಕಾಕಾ, ಮ್ಯಾಲಿಂದ ಯಾರೂ ಬರಲಾರದ, ಹೊಟ್ಟಿಪಾಡಿನ ಮಂದಿ ತಾವ ಕಲ್ಲಿನ ಮ್ಯಾಲ ಹಿಂಥಾ ಚಿತ್ರಾ ಬಿಡಿಸ್ಯಾರಂದ್ರ ಅದ ದೊಡ್ಡ ಅಚ್ಚರಿ ಅಲ್ಲೇನ್ರಿ?"

"ನೋಡೂಣು, ನೋಡೂಣು" ಎಂದ ಬಾಬಾಲಾಲ. ಹುಡುಗಿ ಜಾಣೆ, ಆದರೆ ಇನ್ನೂ ಕಲಿಯುವುದಿದೆ ಅನ್ನಿಸಿತು.

ಗವಿ ಮುಟ್ಟಿದಾಗ ನಂದಿನಿ ಒಳಗೆ ಕಾಲಿಟ್ಟವಳು ಎತ್ತುಗಳ ಮುಂದೆ ಹಾಗೆಯೇ ಮಂಡಿಯೂರಿ ಕುಳಿತಳು. ಒಂದೊಂದು ಕೋಡನ್ನೂ ಕಣ್ಣಿನಿಂದಲೇ ಸವರುತ್ತ ಹೋದಳು. ಬಾಬಾಲಾಲನಿಗೆ ತಾನು ಮೊದಲ ಸಲ ನಿಂತದ್ದು ನೆನಪಾಗಿ, ಅವಳಿಗೆ ಬೆಳಕು ಬೀಳಲೆಂದು ಅವನು ಪಕ್ಕಕ್ಕೆ ಸರಿದ. ಕೊನೆಗೆ ಅವಳು ಕಣ್ಣೊರೆಸಿಕೊಂಡು, "ಭಾಳ ಹಳೇವು ಅನ್ನಸ್ತೈತ್ರಿ ಕಾಕಾ. ಪರೀಕ್ಷಾ ಮಾಡಿಸಬೇಕು. ಯಾರೂ ಕೈ ಹಚ್ಚಬ್ಯಾಡ್ರಿ. ನೀವು ತೋರ್ಸದಿದ್ರ ನನಗ ಇದು ಗೊತ್ತ ಆಗ್ತಿರಲಿಲ್ಲ" ಅಂದಳು. ಎತ್ತುಗಳನ್ನೆಲ್ಲ ತಾನೇ ಮೇಯಿಸಿ ದೊಡ್ಡವು ಮಾಡಿದವನ ಹಾಗೆ ಬಾಬಾಲಾಲ ಎದೆ ಉಬ್ಬಿಸಿದ.

ಈಗ ಮೂಲೆ. ಸುನೀಲ ಮೊಬೈಲು ಎತ್ತಿ ಹಿಡಿದ. "ನೋಡಾಕತ್ತವರು ಸಾವಿರ ದಾಟ್ಯಾರ, ಚಾಚಾ. ಚಾಲೂ ಮಾಡ್ರಿ."

ಬಾಬಾಲಾಲ ಗಂಟಲು ಸರಿಮಾಡಿಕೊಂಡ. ಭಾಷಣಕ್ಕೆ ಬೇಕಾದ ದೊಡ್ಡ ದೊಡ್ಡ ಶಬ್ದಗಳು ವೀಡಿಯೋಗಳಿಂದ ಕಲಿತು ಸಿದ್ಧವಾಗಿದ್ದವು. "ಸಮಸ್ತ ನಾಡಿನ ಜನತೆಗೆ ನಮಸ್ಕಾರ. ಈ ಜೀವಿಯನ್ನು ಗಮನಿಸಿ. ಇದು ಮನುಷ್ಯ ಅಲ್ಲವೇ ಅಲ್ಲ. ಈ ತಲೆಬುರುಡೆ ನೋಡಿ. ಈ ಗೂಬೆ ಕಣ್ಣು ನೋಡಿ. ಈ ಕಾಲು ನೋಡಿ, ನಮ್ಮಲ್ಲಿ ಕೋಳಿಗೂ ಇದಕ್ಕಿಂತ ಚಲೋ ಕಾಲಿರ್ತಾವ…"

ಸಾಯಿರಾಬಿ ಏದುಸಿರು ಬಿಡುತ್ತ ಎಲ್ಲರಿಗಿಂತ ಕೊನೆಗೆ ಮೇಲೆ ಬಂದಳು. ಬೆವರು ಒರೆಸಿದಳು, ಚಸ್ಮಾ ಹಾಕಿಕೊಂಡಳು, ಮೂಲೆಯತ್ತ ಬಗ್ಗಿ ನೋಡಿದಳು. ಮತ್ತೆ ಹತ್ತಿರ ಹೋಗಿ ನೋಡಿದಳು. ಅಷ್ಟೇ, ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಮುಖ ಮಾಡಿ ನಿಂತಳು. ಅವಳ ಭುಜಗಳು ಕುಲುಕುವುದನ್ನು ಬಾಬಾಲಾಲ ಓರೆಗಣ್ಣಿನಿಂದ ನೋಡಿದ. ಅಳುತ್ತಿದ್ದಾಳೆ, ಪಾಪ, ಸೋಲು ಯಾರಿಗಾದರೂ ಕಷ್ಟವೇ, ಮನೆಗೆ ಹೋದ ಮೇಲೆ ಸಮಾಧಾನ ಮಾಡಬೇಕು ಅಂದುಕೊಂಡ.

ಅಷ್ಟರಲ್ಲಿ ನಂದಿನಿ ಭೂತಗನ್ನಡಿ ಹಿಡಿದು ಚಿತ್ರದ ಮೇಲೆಲ್ಲ ಕಣ್ಣಾಡಿಸಿ ಹಿಂದೆ ಸರಿದಳು. "ಕಾಕಾ, ಸಿಟ್ಟಿಗೇಳಬ್ಯಾಡ್ರಿ. ಇದು ಹಳೇದಲ್ಲ. ಹುರಮಂಜಿನ ಹೆಂಟಿ, ಕೆಂಪ ಮಣ್ಣಿನ ಉಂಡಿ, ಹಿಡದು ಯಾರೋ ಗೀರ್‍ಯಾರ. ಎತ್ತಿನ ಚಿತ್ರದ ಮ್ಯಾಲ ಕಲ್ಲಿನ ಪದರು ಬೆಳದೈತಿ, ಇದರ ಮ್ಯಾಲ ಇಲ್ಲ. ಮೂವತ್ತ ನಾಲ್ವತ್ತ ವರ್ಷದ್ದಿರಬೇಕು."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಬಾಬಾಲಾಲ ಒಂದು ಕ್ಷಣ ಬಾಯಿ ತೆರೆದು, ಮರುಕ್ಷಣ ಗೆದ್ದವನ ಹಾಗೆ ಕೂಗಿದ. "ಅಂದ್ರ ಮೊನ್ನಿಮೊನ್ನಿ ಬಂದಿದ್ರು! ಇನ್ನೂ ಚಲೋ ಆತಲ್ಲ! ಆವಾಗ ನಾನೂ ಇದ ದಡ್ಡಿಗೆ ಬಂದಿದ್ದೆ, ನಮ್ಮಪ್ಪನ ಜೋಡಿ, ಹತ್ತಿ ಹಿಂಜಾಕ!"

"ಮತ್ತ ನೀವು ನೋಡಲಿಲ್ಲೇನ್ರಿ ಅದನ್ನ?" ಎಂದು ಸುನೀಲ ಕೇಳಿದ.

"ನಾ ಕೆಲಸದಾಗ ಇದ್ದೆ" ಎಂದ ಬಾಬಾಲಾಲ.

ಸಾಯಿರಾಬಿಯಿಂದ ಇನ್ನು ತಡೆಯಲಾಗಲಿಲ್ಲ. ಸೆರಗು ಬಾಯಿಂದ ಬಿತ್ತು. ಗವಿ ತುಂಬ ಅವಳ ನಗು ಉರುಳಾಡಿತು, ಬಾವಲಿಗಳು ಎದ್ದು ಹಾರಿದವು.

"ನೀವು ಹೆಂಗ ನೋಡ್ತೀರಿ? ನಿಮ್ಮ ಮುಂದ ಕನ್ನಡಿ ಇತ್ತೇನು?"

ಸುನೀಲನ ಮೊಬೈಲು ಗರಕ್ಕನೆ ಅವಳತ್ತ ತಿರುಗಿತು.

"ಈ ಚಿತ್ರಾ ನಾನ ಬಿಡಿಸಿದ್ನಿ" ಎಂದಳು ಸಾಯಿರಾಬಿ ಕಣ್ಣೊರೆಸಿಕೊಳ್ಳುತ್ತ. "ಮರತ ಹೋಗಿತ್ತರಿ ಖರೇನ, ನೋಡಿದ ಮ್ಯಾಲ ನೆನಪಾತು. ನಮ್ಮ ಮನ್ಯಾಗ ಗಾದಿ ಮಾಡಿ ಕೊಡಾಕ ಇವರೂ ನಮ್ಮ ಮಾವನೂ ಬಂದಿದ್ರು. ಇದು ಹತ್ತಿ ಹಿಂಜೂ ಬಿಲ್ಲು. ಇದು ಬಿಲ್ಲಿನ ತಂತಿಗೆ ಹೊಡಿಯೂ ಕಟಗಿ ಗುಂಡು. ಈ ಚುಕ್ಕಿ ಎಲ್ಲಾ ಹಾರೂ ಹತ್ತಿ. ಕೆಳಗಿಂದು ಹಿಂಜಿದ ಹತ್ತಿ ಗುಡ್ಡಿ."

ಹೊಳೆಪ್ಪ ಚಿತ್ರವನ್ನೂ ಬಾಬಾಲಾಲನನ್ನೂ ಎರಡೆರಡು ಸಲ ನೋಡಿ ಬಂಡೆಗೆ ಒರಗಿ ಕುಳಿತುಬಿಟ್ಟ. ಬಾಬಾಲಾಲ ಬಿಲ್ಲನ್ನು ನೋಡಿದ. ಹೆಗಲು ಕಂದುವಷ್ಟು ವರ್ಷ ಹೊತ್ತ ಬಿಲ್ಲು. ಅಪ್ಪ ಹೇಳಿಕೊಟ್ಟ ಕಸುಬಿನ ಬಿಲ್ಲನ್ನು ತಾನು ಆಕಾಶಕ್ಕೆ ಸುದ್ದಿ ಕಳಿಸುವ ಯಂತ್ರ ಅಂದನಲ್ಲ ಎಂದು ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಒಂದು ಎಳೆ ಹಿಡಿದು ನೋಡೋಣ ಎಂದುಕೊಂಡ.

"ತಲಿ?"

"ಹತ್ತಿ ಮೂಗಿನಾಗ ಹೋಗತೈತಂತ ಇಷ್ಟ ದಪ್ಪ ಅರಿವಿ ಸುತ್ತಿದ್ರೆಲ್ಲಾ. ಎರಡ ಕಣ್ಣ ಅಷ್ಟ ಕಾಣತಿದ್ವು."

"ಕಾಲು?"

"ಕಾಲು ಹಂಗ ಇದ್ವು."

ನಂದಿನಿ ನಗು ತಡೆದುಕೊಂಡು, "ಕಾಕು, ಇದನ್ನ ಇಲ್ಲಿ ಬಂದು ಯಾಕ ಬಿಡಿಸಿದ್ರಿ?" ಎಂದು ಕೇಳಿದಳು.

ಸಾಯಿರಾಬಿ ಚಸ್ಮಾ ತೆಗೆದು ಸೆರಗಿನಿಂದ ಒರೆಸಿದಳು. ಮಾತು ನಿಧಾನವಾಯಿತು. "ಗಾದಿ ಹೊಲಿಯೂದು ಮುಗಿಯೂದ್ರಾಗ ನಮ್ಮಪ್ಪ, ಇವರಪ್ಪ ಲಗ್ನದ ಮಾತು ಮುಗಿಸಿಬಿಟ್ಟಿದ್ರವಾ. ನನ್ನ ಯಾರೂ ಕೇಳಲಿಲ್ಲ. ಹುಡುಗನ್ನ ತೋರಸೂ ಪದ್ಧತಿ ಇರಲಿಲ್ಲ. ಕಿಡಕ್ಯಾಗಿಂದ ಹಣಿಕಿ ಹಾಕಿದ್ರ ಇಷ್ಟ ಕಂಡ್ರು. ಮರುದಿನ ಆಡು ಹೊಡಕೊಂಡ ಇಲ್ಲಿ ಬಂದಾಗ ಗೆಳತ್ಯಾರು ಕೇಳಿದ್ರು, ಹೆಂಗದಾನ ನಿನ್ನ ಗಂಡ ಅಂತ. ಬಾಯಿಲೆ ಹೇಳಾಕ ಬರಲಿಲ್ಲ. ಕಂಡಷ್ಟ ಬಿಡಿಸಿ ತೋರಿಸಿದ್ನಿ. ಎಲ್ಲಿಂದ ಬಂದಾರೋ, ಎಂಥವರೋ, ನನ್ನ ಎಲ್ಲಿಗೆ ಕರಕೊಂಡ ಹೊಂಟಾರೋ, ಏನ ಗೊತ್ತಿತ್ತು ನನಗ?"

ಸುನೀಲ ಮೊಬೈಲನ್ನು ಸ್ವಲ್ಪ ಕೆಳಗಿಳಿಸಿದ. ಬಾಬಾಲಾಲ ಮೂಲೆಯ ಆ ಒಂಟಿ ಆಕೃತಿಯನ್ನು ಮೊದಲ ಸಲ ಬೇರೆ ಕಣ್ಣಿನಿಂದ ನೋಡಿದ. ಕಿಟಕಿಯ ಹಿಂದೆ ಒಬ್ಬಳು ಹುಡುಗಿ ನಿಂತಿದ್ದಳೆಂದು ಅವನಿಗ್ಯಾರೂ ಹೇಳಿರಲಿಲ್ಲ. ಅವಳ ಮನಸ್ಸಿನಲ್ಲಿ ಆ ಹೊತ್ತು ಏನಿತ್ತೆಂದು ಇಷ್ಟು ವರ್ಷ ಜೊತೆಗುಂಡು ಜೊತೆಗೆ ಮಲಗಿದ ತಾನೂ ಕೇಳಿರಲಿಲ್ಲ. ಈಗ ತಿಳಿಯಬೇಕೆನ್ನಿಸಿತು. ಲೈವ್ ಇರುವುದನ್ನು ಮರೆತೇ ಕೇಳಿದ.

"ನೋಡಿ ಗೆಳತ್ಯಾರು ಏನಂದ್ರು?"

"ಓಡಿ ಹೋಗಂದ್ರು."

"ಮತ್ತ ಯಾಕ ಹೋಗಲಿಲ್ಲ?"

"ಆ ಅರಿವಿ ಕೆಳಗ ಏನೈತಿ ನೋಡಬೇಕಾಗಿತ್ತು."

ಬಾಬಾಲಾಲನ ಮುಖ ಮೆತ್ತಗಾಯಿತು. ಏನೋ ಹೇಳಲು ಹೋದ. ಅಷ್ಟರಲ್ಲಿ ಹೊಳೆಪ್ಪ ಕುಳಿತಲ್ಲಿಂದಲೇ, "ನೋಡಿದ ಮ್ಯಾಲರ ಓಡಬೇಕಿತ್ತಲ್ರಿ ಅಕ್ಕಾರ?" ಅಂದ.

"ಆವಾಗ ನಿಕಾಹ ಆಗಿತ್ತರಿ" ಎಂದಳು ಸಾಯಿರಾಬಿ.

ಜಿಲ್ಲೆಯೇ ನಕ್ಕಿತು. ಸುನೀಲ ಆ ವೀಡಿಯೋಗೆ 'ಗೋಕಾಕದ ಗಾದಿ ಅಂಗಡಿಯಲ್ಲಿ ಅನ್ಯಗ್ರಹ ಜೀವಿ ಪತ್ತೆ!' ಎಂದು ಹೆಸರಿಟ್ಟ. ಕಣಗಲಾದಿಂದ ಒಂದು ಕುಟುಂಬ ಹೆದ್ದಾರಿ ಬಿಟ್ಟು ಬಂದು, ಗಾದಿ ನೋಡುವ ನೆವದಲ್ಲಿ ಬಾಬಾಲಾಲನ ಕಾಲನ್ನು ನೋಡಿಕೊಂಡು ಹೋಯಿತು. ಕಾಲೇಜು ಹುಡುಗಿಯರು "ಅಂಕಲ್, ತಲಿಗೆ ಅರಿವಿ ಸುತ್ತಿ ನಿಂದರ್ರಿ, ಒಂದ ಸೆಲ್ಫಿ" ಅಂದರು. ನಂದಿನಿ ತನ್ನ ಗುರುಗಳನ್ನು ಕರೆತಂದು ಎತ್ತುಗಳ ಅಳತೆ ತೆಗೆಸಿದಳು. ಅದು ತನ್ನಿಂದಲೇ ಆದದ್ದು ಎಂಬ ಒಂದು ಸಮಾಧಾನ ಮಾತ್ರ ಬಾಬಾಲಾಲನ ಪಾಲಿಗೆ ಉಳಿಯಿತು. ಮೊಬೈಲನ್ನು ಹೊಳೆಪ್ಪನೇ ಅವನ ಕಿಸೆಯಿಂದ ತೆಗೆದು ಸಾಯಿರಾಬಿಯ ಕೈಗಿಟ್ಟಿದ್ದ. ಸಾಕ್ಷಿ ಎಂದರೆ ಸಾಕ್ಷಿ.

ಮೊದಮೊದಲು ಸಾಯಿರಾಬಿ ಅದರಲ್ಲಿ ಮಗಳ ಜೊತೆ ಮಾತಾಡಿದಳು. ಮಾತು ಮುಗಿದ ಮೇಲೆ ಸುಮ್ಮನೆ ಒತ್ತಿ ನೋಡಿದಳು. ಮೊಬೈಲಿಗೇನು ಗೊತ್ತು, ಒಡೆಯ ಬದಲಾದದ್ದು? ಹಳೆಯ ರುಚಿಗೆ ತಕ್ಕಂತೆ ಅದು ಬಡಿಸುತ್ತಲೇ ಹೋಯಿತು.

ಒಂದು ಮಧ್ಯಾಹ್ನ ಬಾಬಾಲಾಲ ಯಂತ್ರ ನಿಲ್ಲಿಸಿ, ಹಸಿದು, ಒಳಗೆ ಬಂದ. ಒಲೆ ತಣ್ಣಗಿತ್ತು. ಸಾಯಿರಾಬಿ ಚಸ್ಮಾ ಏರಿಸಿಕೊಂಡು ಗೋಡೆಗೊರಗಿ ಕುಳಿತಿದ್ದಳು.

"ಬರ್ರಿ ಇಲ್ಲಿ, ಬಾಜೂ ಕುಂದರ್ರಿ. ಯಾವುದೋ ದೇಶದಾಗ ಬಯಲಿನ ತುಂಬ ಗೀಟು ಎಳದ ಹಕ್ಕಿ ಬಿಡಿಸ್ಯಾರ. ನೆಲದ ಮ್ಯಾಲ ನಿಂತ್ರ ಕಾಣೂದಿಲ್ಲಂತ, ಆಕಾಶದಿಂದ ನೋಡಿದ್ರಷ್ಟ ಕಾಣಸ್ತೈತಂತ. ಮನಷ್ಯಾರು ಹೆಂಗ ಎಳದಾರು ಹೇಳ್ರಿ?"

"ಹಗ್ಗಾ ಹಿಡದು, ಗೂಟಾ ಬಡದು ಎಳದಾರ. ನಾವು ಗಾದಿ ಮ್ಯಾಲ ದಾರಾ ಹಿಡದು ಗೀಟು ಹೊಡಿಯೂದಿಲ್ಲೇನು? ಅದ ಲೆಕ್ಕ. ಮ್ಯಾಲಿಂದ ಗೀಲಿಂದ ಯಾರೂ ಬಂದಿಲ್ಲ, ಎಲ್ಲಾ ಸುಳ್ಳ. ಮೊದಲ ಊಟಕ್ಕ ಹಾಕು."

"ನಿಮಗೇನ ತಿಳೀತೈತಿ!" ಸಾಯಿರಾಬಿ ಕಣ್ಣು ಮೊಬೈಲಿನಿಂದ ಕೀಳಲಿಲ್ಲ. "ಇಷ್ಟ ಮಂದಿ ಸುಳ್ಳ ಹೇಳ್ತಾರೇನು? ಖರೇನ ಬಂದಿದ್ರು ಕಾಣಸ್ತೈತಿ. ಮೊದಲ ನೀವ ಹೇಳತಿದ್ರೆಲ್ಲಾ, ನಾನ ನಗತಿದ್ನಿ. ನೀವು ಹೇಳಿದ್ದ ಖರೆ ಐತ್ರಿ."

ಬಾಬಾಲಾಲ ನಿಂತಲ್ಲೇ ನಿಂತ. ಬಂತು. ಒಂದು ಆಯುಷ್ಯ ಕಾದ ವಾಕ್ಯ, ಒಂದಕ್ಷರ ಕಡಿಮೆಯಿಲ್ಲದೆ ಬಂತು. ಅವನು ಬಾಗಿಲಿಗೆ ಓಡಿ ಹೊರಗೆ ನೋಡಿದ. ಸಂತೆಯ ದಿನವಲ್ಲ, ಹೊಳೆಪ್ಪ ಇಲ್ಲ. ಓಣಿಯಲ್ಲಿ ಬಿಸಿಲು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ಎದುರಿನ ಕರದಂಟಿನ ಅಂಗಡಿಯವನೂ ಊಟಕ್ಕೆ ಹೋಗಿದ್ದ. ಓಡಿ ಒಳಗೆ ಬಂದ.

"ಸಾಯಿರಾ, ಇನ್ನೊಂದ ಸಲ ಹೇಳು. ಗಟ್ಟ್ಯಾಗಿ."

"ಏನು?"

"ಈಗ ಅಂದೆಲ್ಲಾ, ಅದು."

"ಹಿಟ್ಟು ಆ ಡಬ್ಬ್ಯಾಗ ಐತಿ ಅಂದ್ನಿ" ಎಂದಳು ಸಾಯಿರಾಬಿ. "ಬಿಸಿನೀರ ಹಾಕಿ ಕಲಸ್ರಿ. ಇದೊಂದ ನೋಡಿ ಬರ್ತೇನಿ."